ಹದಿನೈದು ದಿನಕ್ಕೆಂದು ತಂದ ಪುಸ್ತಕಗಳು

(ಹಾಸನದಲ್ಲಿ ಓದುವ ಗೆಳೆಯ ಗೆಳತಿಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಂದು ಹೊತ್ತಾಯಿತು ಅಂತ ಬಿಟ್ಟಿದ್ದ ಒಂದೆರಡು ವಿಷಯಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಳೆ ಹೀಗೆ ಹಿಡಿದುಕೊಂಡಿದ್ದರೂ ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ. ಹಿಂದೆ ನಿಂತಿರುವವರು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇವೆ.

ದಿನದ ಸಣ್ಣಪುಟ್ಟ ಖುಷಿಗಳ ಬಗ್ಗೆ ಮಾತಾಡಿ ಅಂತ ಹೇಳಿದ್ದಾರೆ. ಖುಷಿ ಅಂತ ಸುಮ್ನೆ ಶುರು ಮಾಡಿದರೆ ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಅದಕ್ಕೇ ಒಂದು ವಸ್ತು ಹಿಡಿದುಕೊಂಡು ಮಾತಾಡುತ್ತೇನೆ. ಲೈಬ್ರರಿಯಿಂದ ತಂದು, ಇನ್ನೂ ಓದದೆ, ಮನೆಯಲ್ಲಿ ಒಂದರ ಮೇಲೊಂದು ಇಟ್ಟಿರುವ ಪುಸ್ತಕದ ರಾಶಿ. ನನಗೆ ಗೊತ್ತಿರುವ ಸಣ್ಣ ಖುಷಿಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು, ಇದಕ್ಕಿಂತ ಕಡಿಮೆ ಖರ್ಚಿನದು ಬೇರೆ ಇಲ್ಲ. ನನ್ನ ಮಾತು ಇಷ್ಟೇ: ದುಡ್ಡು ಕೊಟ್ಟು ಕೊಂಡ ಪುಸ್ತಕಕ್ಕಿಂತ ಎರವಲು ತಂದ ಪುಸ್ತಕ ಜಾಸ್ತಿ ಖುಷಿ ಕೊಡುತ್ತದೆ, ಯಾಕೆಂದರೆ ಅದನ್ನು ಒಂದು ದಿನ ವಾಪಸ್ ಕೊಡಬೇಕು.

ಇದು ವಿಚಿತ್ರ ಅನ್ನಿಸಬಹುದು. ವಾಪಸ್ ಕೊಡುವ ದಿನ ಅಂದರೆ ತಲೆನೋವು ಅಲ್ವಾ, ದಂಡ ಅಲ್ವಾ, ಅಂತ ನೀವು ಕೇಳಬಹುದು. ಕಾಫಿ ಹೂವನ್ನು ನೆನಪಿಸಿಕೊಳ್ಳಿ. ಮಾರ್ಚ್, ಏಪ್ರಿಲ್ ಹೊತ್ತಿಗೆ ಹೂಮಳೆ ಬೀಳುತ್ತದೆ. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ, ಘಮ ರಸ್ತೆವರೆಗೂ ಬರುತ್ತದೆ, ಬಸ್ಸಿನಲ್ಲಿ ಅರ್ಧ ನಿದ್ದೆಯಲ್ಲಿದ್ದವರು ಸಹ ಕಿಟಕಿ ಗಾಜು ಸರಿಸಿ ಒಮ್ಮೆ ಉಸಿರು ಎಳೆದುಕೊಳ್ಳುತ್ತಾರೆ. ಎರಡು ಮೂರು ದಿನ, ಅಷ್ಟೆ. ಆಮೇಲೆ ಹೂವು ಕಂದು ಬಣ್ಣಕ್ಕೆ ತಿರುಗಿ ಗಿಡದಲ್ಲೇ ಒಣಗುತ್ತದೆ. ವರ್ಷವಿಡೀ ಅರಳಿಕೊಂಡೇ ಇದ್ದರೆ ಆ ಕಿಟಕಿ ಯಾರು ಸರಿಸುತ್ತಿದ್ದರು? ನಮ್ಮ ಹಾಸನಾಂಬೆ ಗುಡಿಯನ್ನೇ ನೋಡಿ. ಆಶ್ವಯುಜದಲ್ಲಿ ಬಾಗಿಲು ತೆಗೆದು ದೀಪಾವಳಿ ಹೊತ್ತಿಗೆ ಮುಚ್ಚುತ್ತಾರೆ. ಬಾಗಿಲು ಮುಚ್ಚುತ್ತದೆ ಅಂತ ಗೊತ್ತಿರುವುದರಿಂದಲೇ ಅಲ್ಲವೇ ರಾತ್ರಿಯೆಲ್ಲಾ ಸಾಲಿನಲ್ಲಿ ನಿಲ್ಲುವುದು!

ಕೊಂಡ ಪುಸ್ತಕ ಎಲ್ಲೂ ಹೋಗುವುದಿಲ್ಲ. ನಾಳೆ ಓದಿದರಾಯಿತು, ಯುಗಾದಿ ಕಳೆದ ಮೇಲೆ ಓದಿದರಾಯಿತು, ರಿಟೈರ್ ಆದ ಮೇಲೆ ಓದಿದರಾಯಿತು. ನಮ್ಮ ಮನೆಯ ಗಾಜಿನ ಬೀರುವಿನಲ್ಲಿ ಅಂಥ ಪುಸ್ತಕಗಳು ಬೇಕಾದಷ್ಟಿವೆ. ನನಗೆ ಅವುಗಳ ಮೇಲೆ ಪ್ರೀತಿ ಇದೆ, ಇಲ್ಲ ಅಂತ ಅಲ್ಲ. ಆದರೆ ರಾತ್ರಿ ಊಟ ಆಗಿ, ಪಾತ್ರೆ ತೊಳೆದಿಟ್ಟು, ಒಂದು ಗಂಟೆ ನನ್ನದು ಅಂತ ಸಿಕ್ಕಾಗ ಕೈ ಹೋಗುವುದು ಬೀರುವಿನ ಕಡೆಗಲ್ಲ. ಕಿಟಕಿ ಪಕ್ಕದ ಸ್ಟೂಲಿನ ಮೇಲಿರುವ ಲೈಬ್ರರಿ ಪುಸ್ತಕದ ಕಡೆಗೆ.

ಖುಷಿಯ ಬಗ್ಗೆ ಅಧ್ಯಯನ ಮಾಡಿದವರು ಒಂದು ಕುತೂಹಲದ ವಿಷಯ ಕಂಡುಕೊಂಡಿದ್ದಾರೆ. 1978ರಲ್ಲಿ ಅಮೆರಿಕದ ಫಿಲಿಪ್ ಬ್ರಿಕ್‌ಮನ್ ಮತ್ತು ಅವರ ಇಬ್ಬರು ಜೊತೆಗಾರರು ಇಲಿನಾಯ್ ರಾಜ್ಯದ ಲಾಟರಿಯಲ್ಲಿ ದೊಡ್ಡ ಮೊತ್ತ ಗೆದ್ದ 22 ಜನರನ್ನು ಮಾತಾಡಿಸಿದರು. ಅದೇ ಕಡೆಯ, ಲಾಟರಿ ಗೆಲ್ಲದ 22 ಜನರನ್ನೂ ಮಾತಾಡಿಸಿದರು. ಈಗ ಎಷ್ಟು ಖುಷಿಯಾಗಿದ್ದೀರಿ ಅಂತ ಕೇಳಿದರೆ ಎರಡೂ ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇದನ್ನು ನೀವು ಎಲ್ಲೋ ಕೇಳಿರಬಹುದು. ಆದರೆ ಆ ಅಧ್ಯಯನದ ಇನ್ನೊಂದು ಭಾಗವನ್ನು ಜನ ಅಷ್ಟಾಗಿ ಹೇಳುವುದಿಲ್ಲ, ನನಗೆ ಮಾತ್ರ ಅದೇ ಮುಖ್ಯ. ಗೆಳೆಯರ ಜೊತೆ ಹರಟೆ, ಬೆಳಗಿನ ತಿಂಡಿ, ಟಿವಿ ನೋಡುವುದು, ಒಂದು ಜೋಕು ಕೇಳಿ ನಗುವುದು, ಪತ್ರಿಕೆ ಓದುವುದು, ಇಂಥವುಗಳಿಂದ ನಿಮಗೆ ಎಷ್ಟು ಖುಷಿ ಸಿಗುತ್ತದೆ ಅಂತಲೂ ಅವರು ಕೇಳಿದ್ದರು. ಇಲ್ಲಿ ವ್ಯತ್ಯಾಸ ಕಂಡಿತು. ಲಾಟರಿ ಗೆದ್ದವರಿಗೆ ಇವುಗಳಿಂದ ಸಿಗುವ ಖುಷಿ ಉಳಿದವರಿಗಿಂತ ಕಡಿಮೆಯಾಗಿತ್ತು! ಕೇವಲ 22 ಜನರ ಅಧ್ಯಯನ, ಅದನ್ನೇ ವೇದವಾಕ್ಯ ಅಂದುಕೊಳ್ಳಬೇಕಿಲ್ಲ. ಆದರೂ ಒಂದು ದೊಡ್ಡ ಖುಷಿ ಬಂದು ಬೆಳಗಿನ ತಿಂಡಿಯ ರುಚಿಯನ್ನು ತೆಗೆದುಕೊಂಡು ಹೋಗುತ್ತದೆ ಅನ್ನುವುದನ್ನು ಕೇಳಿದಾಗ ನನಗೆ ನಿಜಕ್ಕೂ ಮನಸ್ಸು ಭಾರವಾಯಿತು.

ಮುಂದೆ 1991ರಲ್ಲಿ ಎಡ್ ಡೀನರ್ ಮತ್ತು ಅವರ ಜೊತೆಗಾರರು ಇದರ ಇನ್ನೊಂದು ಮಗ್ಗುಲು ತೋರಿಸಿದರು. ಖುಷಿ ಎಷ್ಟು ಜೋರಾಗಿ ಬಂತು ಅನ್ನುವುದಕ್ಕಿಂತ ಎಷ್ಟು ಸಲ ಬಂತು ಅನ್ನುವುದರ ಮೇಲೇ ಮನುಷ್ಯನ ನೆಮ್ಮದಿ ಜಾಸ್ತಿ ನಿಂತಿದೆ ಅಂದರು. ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು ಅಂತ ನೀವು ಹೇಳಬಹುದು, ಸರಿಯೇ. ಆದರೆ ಅಜ್ಜಿಗೆ ಗೊತ್ತಿದ್ದದ್ದನ್ನು ಅಳೆದು ನೋಡಿದವರಿಗೂ ಒಂದು ನಮಸ್ಕಾರ ಇರಲಿ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ದಿನಾ ರಾತ್ರಿ ಕುಳಿತು ಇವತ್ತಿನ ಮೂರು ಖುಷಿಗಳನ್ನು ಬರೆದಿಡಿ ಅನ್ನುವ ಸಲಹೆ ಈಗ ಎಲ್ಲ ಕಡೆ ಕೇಳುತ್ತದೆ. ಮಾಡುವವರು ಮಾಡಲಿ, ಕೆಲವರಿಗೆ ಒಳ್ಳೆಯದೂ ಆಗಿದೆ. ನನಗೆ ಅದು ಒಗ್ಗುವುದಿಲ್ಲ. ಮೂವತ್ತು ವರ್ಷಕ್ಕೂ ಜಾಸ್ತಿ ಮಕ್ಕಳ ನೋಟ್‌ಬುಕ್ ತಿದ್ದಿದವಳು ನಾನು, ಖುಷಿಗೂ ಒಂದು ನೋಟ್‌ಬುಕ್ ಬೇಡ ಅನ್ನಿಸುತ್ತದೆ. ಖುಷಿಯನ್ನು ಬರೆದಿಡುವುದಕ್ಕಿಂತ ಅದು ದಿನಾ ಬಂದು ಕೂರಲು ಮನೆಯಲ್ಲಿ ಒಂದು ಜಾಗ ಮಾಡಿಕೊಡುವುದು ಸುಲಭ. ನನಗೆ ಆ ಜಾಗ ಕಿಟಕಿ ಪಕ್ಕದ ಸ್ಟೂಲು.

ಆ ರಾಶಿ ಹೇಗಿರುತ್ತದೆ ಅಂತ ಹೇಳುತ್ತೇನೆ. ಒಂದು ಕಾರ್ಡಿಗೆ ರಾಶಿಯಾಗುವಷ್ಟು ಪುಸ್ತಕ ಕೊಡುವುದಿಲ್ಲ. ನನ್ನ ಕಾರ್ಡು, ನಮ್ಮ ಮನೆಯವರ ಕಾರ್ಡು, ಮಗಳ ಕಾರ್ಡು ಎಲ್ಲ ಸೇರಿದರೆ ಸ್ಟೂಲು ತುಂಬುತ್ತದೆ. ದಪ್ಪದ್ದು ಕೆಳಗೆ, ತೆಳ್ಳಗಿನದು ಮೇಲೆ. ಈಗ ಕೆಳಗಡೆ ಒಂದು ದೊಡ್ಡ ಕಾದಂಬರಿ ಇದೆ, ಅದನ್ನು ನಾನು ಮಳೆ ಜೋರಾಗಲಿ ಅಂತ ಕಾಯುತ್ತಾ ಇಟ್ಟುಕೊಂಡಿದ್ದೇನೆ. ಅದರ ಮೇಲೆ ಹಕ್ಕಿಗಳ ಬಗ್ಗೆ ಒಂದು, ನಮ್ಮವರು ಆರಿಸಿದ ಒಂದು ಜೀವನಚರಿತ್ರೆ, ಯಾರೋ ಹಿಂದೆ ಕಾಶಿಗೆ ಹೋಗಿಬಂದು ಬರೆದ ಪ್ರವಾಸದ ಪುಸ್ತಕ, ಎಲ್ಲಕ್ಕಿಂತ ಮೇಲೆ ಅಂಗೈಯಗಲದ ಒಂದು ಕವನ ಸಂಕಲನ. ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟಿ ಇಡುತ್ತಿದ್ದರಲ್ಲ, ಆ ಒಟ್ಟಿಲನ್ನು ನೋಡಿದಾಗ ಒಲೆ ಹಚ್ಚುವ ಮುಂಚೆಯೇ ಒಂದು ಧೈರ್ಯ ಬರುತ್ತಿತ್ತಲ್ಲ, ನನಗೆ ಈ ರಾಶಿ ನೋಡಿದರೆ ಹಾಗೇ ಆಗುತ್ತದೆ. ಇನ್ನೂ ಒಂದು ಪುಟ ಓದಿರುವುದಿಲ್ಲ. ಆದರೂ ಬೆಳಿಗ್ಗೆ ಕಸ ಗುಡಿಸುವಾಗ ಅದು ಕಣ್ಣಿಗೆ ಬಿದ್ದರೆ ಸಾಯಂಕಾಲಕ್ಕೆ ಏನೋ ಒಂದು ಇದೆ ಅನ್ನುವ ಭಾವನೆ ಜೊತೆಗೇ ಇರುತ್ತದೆ. ತರಕಾರಿ ತರುವಾಗ, ಗ್ಯಾಸ್ ಬುಕ್ ಮಾಡುವಾಗ, ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತಾಗಲೂ ಇರುತ್ತದೆ.

ಆ ಪ್ರವಾಸದ ಪುಸ್ತಕವನ್ನು ಇವತ್ತು ತಂದಿದ್ದೇನೆ, ಇಲ್ಲಿ ನೋಡಿ. ಹಳೆಯ ರಟ್ಟು ಹರಿದಿರಬೇಕು, ಮತ್ತೆ ಬೈಂಡ್ ಮಾಡಿಸಿ ಬೆನ್ನಿಗೆ ಬಟ್ಟೆ ಹಾಕಿಸಿದ್ದಾರೆ. ಬೆನ್ನಿನ ಮೇಲೆ ಬಿಳಿ ಶಾಯಿಯಲ್ಲಿ ಕೈಬರಹದ ನಂಬರು. ಒಳಗೆ ದಿನಾಂಕದ ಚೀಟಿ ಅಂಟಿಸಿದ್ದಾರೆ. ನೇರಳೆ ಬಣ್ಣದ ಠಸ್ಸೆಗಳು, ಕೆಲವು ನೆಟ್ಟಗೆ, ಕೆಲವು ಓರೆ. 1997ರಲ್ಲಿ ಎರಡು ಸಲ ಒಂದೇ ತಿಂಗಳಲ್ಲಿ ಹೋಗಿದೆ, ಯಾರೋ ಓದಿ ಮುಗಿಸದೆ ಇನ್ನೊಮ್ಮೆ ತೆಗೆದುಕೊಂಡಿರಬೇಕು. ಆಮೇಲೆ 2001. ಆಮೇಲೆ ಖಾಲಿ. ಅದರ ಕೆಳಗೆ ನನ್ನ ಠಸ್ಸೆ, ಶಾಯಿ ಇನ್ನೂ ಹೊಸದು. ಮಧ್ಯದ ಒಂದು ಪುಟದಲ್ಲಿ ಅರಸೀಕೆರೆಗೆ ಹೋದ ಸರ್ಕಾರಿ ಬಸ್ಸಿನ ಟಿಕೆಟ್ ಇದೆ, ಪುಟದ ಗುರುತಿಗೆ ಇಟ್ಟದ್ದು. ಆ ಪುಟದಲ್ಲಿ ಲೇಖಕರು ಗಂಗೆಯ ದಡದಲ್ಲಿ ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ಓಡಾಡುತ್ತಿದ್ದಾರೆ. ಅರಸೀಕೆರೆಗೆ ಹೋಗುತ್ತಿದ್ದ ಆ ಓದುಗರು ಅಲ್ಲಿಂದ ಮುಂದೆ ಓದಿದರೋ, ಊರು ಬಂತು ಅಂತ ಇಳಿದು ಹೋದರೋ! ಟಿಕೆಟ್ಟನ್ನು ನಾನು ತೆಗೆದಿಲ್ಲ, ಅದು ಅಲ್ಲೇ ಇರಲಿ. ಅವರ ಹೆಸರು ನನಗೆ ಗೊತ್ತಿಲ್ಲ, ಆದರೆ ನಾವಿಬ್ಬರೂ ಒಂದೇ ಪುಟದಲ್ಲಿ ಕೂತಿದ್ದೆವು. ಹೊಸ ಪುಸ್ತಕ ಈ ಸಂತೋಷವನ್ನು ಕೊಡಲಾರದು.

ಹಳೆಯ ಪುಸ್ತಕದ ವಾಸನೆ ಇಷ್ಟ ಅನ್ನುವವರು ಇಲ್ಲಿ ಎಷ್ಟು ಜನ ಇದ್ದೀರಿ? ನೋಡಿ, ಎಷ್ಟು ಕೈ. ಮರದ ತಿರುಳಿನಿಂದ ಮಾಡಿದ ಕಾಗದದಲ್ಲಿ ಲಿಗ್ನಿನ್ ಅನ್ನುವ ಅಂಶ ಇರುತ್ತದೆ. ವರ್ಷ ಕಳೆದ ಹಾಗೆ ಅದು ಒಡೆದು ನಾನಾ ಬಗೆಯ ಆವಿ ಬಿಡುತ್ತದೆ, ಅದರಲ್ಲಿ ಒಂದು ವೆನಿಲ್ಲಾದ ಪರಿಮಳ ಕೊಡುವ ವೆನಿಲಿನ್. ಕಾಗದ ಹಳದಿ ಆಗುವುದಕ್ಕೂ ಅದೇ ಲಿಗ್ನಿನ್ ಕಾರಣ. ಅಂದರೆ ನಾವು ಆಸೆಯಿಂದ ಮೂಸುವುದು ಪುಸ್ತಕ ನಿಧಾನವಾಗಿ ಸವೆಯುತ್ತಿರುವುದನ್ನು. ಹಾಗಾಗಿ ಇರುವಾಗಲೇ ಓದಿಬಿಡಬೇಕು ಅನ್ನುವ ಅವಸರ ನನಗೆ ಇನ್ನೂ ಜಾಸ್ತಿ ಆಗಿದೆ.

ಪುಸ್ತಕ ಆರಿಸುವ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಕೆಲವರು ಲೈಬ್ರರಿಗೆ ಹೋಗಿ ಕೌಂಟರಿನಲ್ಲಿ ಒಂದು ಹೆಸರು ಹೇಳಿ, ಇಲ್ಲ ಅಂದರೆ ಬಂದುಬಿಡುತ್ತಾರೆ. ಹಾಗೆ ಮಾಡಬೇಡಿ. ಕಪಾಟುಗಳ ನಡುವೆ ಓಡಾಡಿ. ಲೈಬ್ರರಿಯಲ್ಲಿ ಪುಸ್ತಕಗಳನ್ನು ವಿಷಯದ ಪ್ರಕಾರ ಜೋಡಿಸುತ್ತಾರೆ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ತಂದ ದಶಮಾಂಶ ಪದ್ಧತಿ ಇರುವ ಕಡೆ ಹಕ್ಕಿಗಳಿಗೆ 598, ಅದರ ಪಕ್ಕದಲ್ಲೇ 599 ಅಂದರೆ ಸಸ್ತನಿಗಳು, ಈಚೆಗೆ 597ರಲ್ಲಿ ಮೀನು, ಹಾವು, ಕಪ್ಪೆ. ಹಕ್ಕಿ ಹುಡುಕಿಕೊಂಡು ಹೋದವರ ಕೈಗೆ ಕಪ್ಪೆ ಸಿಗುತ್ತದೆ. ನಮ್ಮ ಕನ್ನಡ ಸಾಹಿತ್ಯಕ್ಕೆ 894.814. ತಮಿಳು 894.811, ಮಲಯಾಳಂ 894.812. ಕನ್ನಡದ ನಂಬರಿನ ಮುಂದೆ 1 ಸೇರಿಸಿದರೆ ಕವಿತೆ, 2 ಸೇರಿಸಿದರೆ ನಾಟಕ, 3 ಸೇರಿಸಿದರೆ ಕತೆ ಕಾದಂಬರಿ. ಈ ಲೆಕ್ಕ ಗೊತ್ತಾದ ಮೇಲೆ ಯಾವ ಊರಿನ ಯಾವ ಲೈಬ್ರರಿಗೆ ಹೋದರೂ ನೆಂಟರ ಮನೆಗೆ ಹೋದಷ್ಟು ಸಲೀಸು. ಒಂದು ವಿಷಯ ಮಾತ್ರ ನನಗೆ ಬೇಸರ. ಆ ಪದ್ಧತಿಯಲ್ಲಿ 810ರಿಂದ 880ರವರೆಗೆ ಅಮೆರಿಕ, ಯುರೋಪಿನ ಸಾಹಿತ್ಯವೇ ತುಂಬಿದೆ, ಉಳಿದ ಜಗತ್ತನ್ನೆಲ್ಲಾ 890ರಲ್ಲಿ ಒತ್ತೊತ್ತಾಗಿ ಕೂರಿಸಿದ್ದಾರೆ. ಸಾವಿರ ವರ್ಷಕ್ಕೂ ಹಿಂದಿನ ಸಾಹಿತ್ಯ ಇರುವ ಭಾಷೆಗೆ ಚುಕ್ಕಿ ಆದ ಮೇಲೆ ಮೂರನೇ ಅಂಕಿಯಲ್ಲಿ ಜಾಗ.

ನಮ್ಮ ಕಡೆಯಿಂದ ಇದಕ್ಕೆ ಉತ್ತರ ಕೊಟ್ಟವರು ಎಸ್. ಆರ್. ರಂಗನಾಥನ್. ಮದ್ರಾಸಿನಲ್ಲಿ ಗಣಿತದ ಮೇಷ್ಟರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1933ರಲ್ಲಿ ತಮ್ಮದೇ ಆದ ಕೋಲನ್ ವರ್ಗೀಕರಣ ಪದ್ಧತಿ ತಂದರು. ಕೊನೆಗಾಲದಲ್ಲಿ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲಿ ಈ ವಿದ್ಯೆಗೇ ಒಂದು ಸಂಶೋಧನಾ ಕೇಂದ್ರ ಕಟ್ಟಿ, 1972ರಲ್ಲಿ ಅಲ್ಲೇ ತೀರಿಕೊಂಡರು. ಅವರು ಹುಟ್ಟಿದ ದಿನ ಆಗಸ್ಟ್ 12 ಅಂತ ಹೇಳಿ ಅಂದು ಗ್ರಂಥಪಾಲಕರ ದಿನ ಆಚರಿಸುತ್ತಾರೆ. 1931ರಲ್ಲಿ ಅವರು ಐದು ಸೂತ್ರಗಳನ್ನು ಹೇಳಿದರು. ಐದನ್ನೂ ಇಲ್ಲಿ ಹೇಳುವುದಿಲ್ಲ, ಪರೀಕ್ಷೆಗೆ ಓದುವ ಮಕ್ಕಳಿಗೆ ಅದು ಬಾಯಿಪಾಠ ಇರುತ್ತದೆ. ಎರಡು ಮಾತ್ರ ಹೇಳುತ್ತೇನೆ: ಪ್ರತಿ ಓದುಗರಿಗೂ ಅವರ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗರು ಸಿಗಬೇಕು. ಮೊದಲನೆಯದು ಗ್ರಂಥಪಾಲಕರ ಕೆಲಸ. ಎರಡನೆಯದರಲ್ಲಿ ನಮಗೂ ಪಾಲಿದೆ. ವರ್ಷಗಟ್ಟಲೆ ಯಾರೂ ಮುಟ್ಟದ ಪುಸ್ತಕಗಳನ್ನು ಒಂದು ದಿನ ಕಪಾಟಿನಿಂದ ತೆಗೆಯುತ್ತಾರೆ, ಜಾಗ ಬೇಕಲ್ಲ. ಆದ್ದರಿಂದ ಹೊಸದು ಎರಡು ತೆಗೆದುಕೊಂಡರೆ ಯಾರೂ ತೆಗೆಯದ ಹಳೆಯದು ಒಂದನ್ನೂ ಜೊತೆಗೆ ತರುವ ಅಭ್ಯಾಸ ನನಗಿದೆ. ಈ ಕಾಶಿ ಪುಸ್ತಕ ಬಂದದ್ದು ಹಾಗೇ.

ಪ್ರತಿ ಓದುಗರಿಗೂ ಅವರ ಪುಸ್ತಕ ಅಂದೆನಲ್ಲ, ನಮ್ಮ ಭಾವನವರ ವಿಷಯ ಹೇಳದೆ ಮುಂದೆ ಹೋಗಲಾರೆ. ಅವರು ಶಾಂತಿಗ್ರಾಮದ ಕಡೆ ಆಲೂಗಡ್ಡೆ ಬೆಳೆಯುತ್ತಾರೆ. ಜಲಂಧರ್‌ನಿಂದ ಬರುವ ಬಿತ್ತನೆ ಗೆಡ್ಡೆ ಕೊಂಡು, ಮುಂಗಾರು ನಂಬಿ ಬಿತ್ತುವ ಪೈಕಿ. ಪುಸ್ತಕ ಅಂದರೆ ಪಂಚಾಂಗ ಮತ್ತು ಪಾಸ್‌ಬುಕ್ ಅನ್ನುವವರು. ಒಂದು ಮಳೆಗಾಲ ನಮ್ಮನೆಗೆ ಬಂದಿದ್ದಾಗ ಸ್ಟೂಲಿನ ಮೇಲೆ ಬೆಳೆಗಳ ಇತಿಹಾಸದ ಬಗ್ಗೆ ಒಂದು ಕನ್ನಡ ಪುಸ್ತಕ ಇತ್ತು. ಕಾಫಿ ಆಗುವ ತನಕ ಸುಮ್ನೆ ಪುಟ ತಿರುವಿದರು. ಕಾಫಿ ತಂದುಕೊಟ್ಟರೆ ತಲೆ ಎತ್ತಲಿಲ್ಲ. ಅಲ್ಲಿ ಅಂಗಮಾರಿ ರೋಗದ ವಿಷಯ ಇತ್ತು. ಹಾಸನದಲ್ಲಿ ಅಂಗಮಾರಿ ಅಂದರೆ ಏನು ಅಂತ ಬೆಳೆಗಾರರನ್ನು ಕೇಳಿ. ಎರಡು ಮೂರು ದಿನ ಮೋಡ ಮುಸುಕಿ, ಜಿಟಿಜಿಟಿ ಮಳೆ ಹಿಡಿದು, ತಣ್ಣಗೆ ಗಾಳಿ ಬೀಸಿತು ಅಂದರೆ ಎಲೆ ಮೇಲೆ ಕಪ್ಪು ಮಚ್ಚೆ ಕಾಣಿಸಿಕೊಂಡು, ನೋಡನೋಡುತ್ತಿದ್ದ ಹಾಗೆ ಹೊಲವೇ ಸುಟ್ಟಂತಾಗುತ್ತದೆ.

ಇದೇ ರೋಗ 1845ರಲ್ಲಿ ಐರ್ಲೆಂಡಿಗೆ ಬಂತು. ಅಲ್ಲಿಯ ಬಡವರು ಹೊಟ್ಟೆಗೆ ನಂಬಿದ್ದು ಆಲೂಗಡ್ಡೆ ಒಂದನ್ನೇ. ಒಂದರ ಹಿಂದೊಂದು ವರ್ಷ ಬೆಳೆ ಹೋಗಿ ಸುಮಾರು 10 ಲಕ್ಷ ಜನ ಹಸಿವು, ಕಾಯಿಲೆಯಿಂದ ಸತ್ತರು, ಇನ್ನೂ ಸುಮಾರು ಅಷ್ಟೇ ಜನ ಊರು ಬಿಟ್ಟು ಹಡಗು ಹತ್ತಿದರು. "ಏನಮ್ಮಾ, ನಮ್ಮ ಹೊಲಕ್ಕೆ ಬಂದಿರೋ ರೋಗಾನೇ ಅಲ್ಲಿಗೂ ಬಂದಿತ್ತಂತಲ್ಲ," ಅಂದರು ಭಾವ. ಅವರ ದನಿಯಲ್ಲಿ ಗಾಬರಿ ಇರಲಿಲ್ಲ. ದೂರದಲ್ಲಿ ತನ್ನಂಥವನೇ ಇನ್ನೊಬ್ಬ ಇದ್ದ ಅನ್ನುವುದು ಗೊತ್ತಾದಾಗ ಬರುವ ದನಿ ಅದು. ಆ ರೋಗದ ಜೀವಿಯ ಹೆಸರು ಫೈಟಾಫ್ತೊರಾ. ಅಡಿಕೆಗೆ ಬರುವ ಕೊಳೆರೋಗವೂ ಅದೇ ಕುಲದ್ದು ಅಂತ ಅಲ್ಲೇ ಬರೆದಿತ್ತು. ಮೈಲುತುತ್ತ, ಸುಣ್ಣ ಬೆರೆಸಿ ಅಡಿಕೆ ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣ ಇದೆಯಲ್ಲ, ಅದು ಫ್ರಾನ್ಸಿನ ಬೋರ್ಡೋ ಊರಿನ ದ್ರಾಕ್ಷಿ ತೋಟಗಳಿಂದ 1880ರ ದಶಕದಲ್ಲಿ ಬಂದದ್ದು, ಹೆಸರೂ ಅಲ್ಲಿಂದಲೇ. ಭಾವ ಅಂದು ರಾತ್ರಿ ಊರಿಗೆ ಹೋಗಲಿಲ್ಲ. ಬೆಳಿಗ್ಗೆ ಪುಸ್ತಕ ಮುಗಿಸಿ, ತಿಂಡಿ ತಿಂದು ಹೊರಟರು. ಅವರ ಬೆಳೆಗೆ ಆ ಪುಸ್ತಕದಿಂದ ಏನೂ ಉಪಯೋಗ ಆಗಲಿಲ್ಲ, ಔಷಧಿ ಹೊಡೆಯುವುದು ಅವರಿಗೆ ಮೊದಲೇ ಗೊತ್ತಿತ್ತು. ಆದರೆ ಈಗಲೂ ಮೋಡ ಮುಸುಕಿದಾಗ ಫೋನ್ ಮಾಡಿ ಐರ್ಲೆಂಡಿನ ಸುದ್ದಿ ತೆಗೆಯುತ್ತಾರೆ. ನಾನು ಇವತ್ತು ಹೇಳಬೇಕು ಅಂತ ಬಂದ ಖುಷಿ ಇದೇ.

ಇನ್ನು ದುಡ್ಡಿನ ವಿಷಯ. ಮನೆ ಕಂದಾಯದ ರಸೀದಿಯನ್ನು ನಾವು ಒಟ್ಟು ಮೊತ್ತ ನೋಡಿ ಮಡಚಿಡುತ್ತೇವೆ. ಮುಂದಿನ ಸಲ ಸಾಲು ಸಾಲಾಗಿ ಓದಿ. ಆರೋಗ್ಯ ಕರ, ಭಿಕ್ಷುಕರ ಕರ, ಅವುಗಳ ಜೊತೆ ಗ್ರಂಥಾಲಯ ಕರ ಅಂತ ಒಂದು ಇರುತ್ತದೆ. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ. ನಿಮ್ಮ ತೆರಿಗೆ 2,000 ರೂಪಾಯಿ ಇದ್ದರೆ 120 ರೂಪಾಯಿ ಗ್ರಂಥಾಲಯಕ್ಕೆ ಅಂತಲೇ ಕಟ್ಟಿದ್ದೀರಿ. ನಮ್ಮ ರಾಜ್ಯದಲ್ಲಿ ಇದಕ್ಕೆ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆಧಾರ. ಆಗ ಇನ್ನೂ ಮೈಸೂರು ರಾಜ್ಯ ಅಂತ ಹೆಸರಿತ್ತು. ಒಮ್ಮೆಯೂ ಲೈಬ್ರರಿ ಮೆಟ್ಟಿಲು ಹತ್ತದವರೂ ವರ್ಷ ವರ್ಷ ಆ ದುಡ್ಡು ಕಟ್ಟುತ್ತಿದ್ದಾರೆ. ಬಾಡಿಗೆ ಮನೆಯಲ್ಲಿದ್ದೀವಿ ಅನ್ನುವವರೇ, ಬಾಡಿಗೆ ಲೆಕ್ಕ ಹಾಕುವಾಗ ಮಾಲೀಕರು ಕಂದಾಯವನ್ನು ಮರೆತಿರುವುದಿಲ್ಲ, ಆದ್ದರಿಂದ ನೀವೂ ಕಟ್ಟಿದ್ದೀರಿ. ಆ ಪುಸ್ತಕಗಳು ಸರ್ಕಾರ ನಮಗೆ ಕೊಡುವ ದಾನ ಅಲ್ಲ. ನಾವೆಲ್ಲ ಸೇರಿ ಕೊಂಡವು. ಹಾಗಾಗಿ ಸಂಕೋಚ ಇಲ್ಲದೆ ಹೋಗಿ, ಬೇಕಾದ ಪುಸ್ತಕ ಇಲ್ಲದಿದ್ದರೆ ತರಿಸಿ ಅಂತ ಕೇಳಿ, ಬರೆದುಕೊಡಿ. ಎಲ್ಲೋ ಒಂದು ಕಡೆ ನಾನು ಕೇಳಿದಾಗ "ಓದೋರು ಯಾರಿದ್ದಾರೆ ಮೇಡಂ, ಎಲ್ಲ ಪೇಪರ್ ನೋಡಕ್ಕೆ ಬರ್ತಾರೆ" ಅನ್ನುವ ಉತ್ತರ ಸಿಕ್ಕಿತು. ನನಗೆ ನೋವಾಯಿತು, ನಿಜ. ಆದರೆ ಪೇಪರ್ ನೋಡಲು ಬರುವವರನ್ನು ಹಗುರವಾಗಿ ಕಾಣಬೇಡಿ. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಬಂದು ಕಾಯುವ ಹಿರಿಯರಿದ್ದಾರೆ. ಒಂದೇ ಪತ್ರಿಕೆಯನ್ನು ನಾಲ್ಕು ಜನ ಹಾಳೆ ಹಾಳೆ ಹಂಚಿಕೊಂಡು ಓದಿ, ಆಮೇಲೆ ಮಹಾರಾಜ ಪಾರ್ಕಿನ ಬೆಂಚಿನ ಮೇಲೆ ಕೂತು ಅದರ ಬಗ್ಗೆ ಜಗಳ ಆಡುತ್ತಾರೆ. ಅವರ ದಿನದ ಖುಷಿ ಅದು.

2025ರ ಮೇ ತಿಂಗಳಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿ ಅವರು ಮಾಡಿದ ಇಂಗ್ಲಿಷ್ ಅನುವಾದಕ್ಕೆ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಅದು ಮೊದಲ ಸಲ, ಸಣ್ಣ ಕತೆಗಳ ಸಂಕಲನಕ್ಕೂ ಮೊದಲ ಸಲ. ಅದಾದ ಮೇಲೆ ನಮ್ಮ ಬೀದಿಯ ಒಬ್ಬ ಅಜ್ಜಿ, ಕತೆ ಪುಸ್ತಕ ಹಿಡಿದದ್ದನ್ನು ನಾನು ಕಂಡೇ ಇರಲಿಲ್ಲ, ಗೇಟಿನ ಹತ್ತಿರ ನಿಲ್ಲಿಸಿ "ಆವಮ್ಮ ಬರ್ದಿರೋ ಪುಸ್ತಕ ಲೈಬ್ರರೀಲಿ ಸಿಗುತ್ತಾ ಕಣಮ್ಮ?" ಅಂತ ಕೇಳಿದರು. ಇದೇ ಊರಿನ ಬೀದಿ, ಇದೇ ಊರಿನ ಮಾತು, ಇದೇ ಊರಿನ ಹೆಂಗಸರ ಕಷ್ಟ ಲಂಡನ್ನಿನವರೆಗೆ ಹೋಗಿದೆ ಅಂದಮೇಲೆ ಅವರಿಗೂ ಅದನ್ನು ನೋಡಬೇಕು ಅನ್ನಿಸಿತು. ತಂದುಕೊಟ್ಟೆ. ಕನ್ನಡಕ ಸರಿಹೋಗದೆ ಮೊಮ್ಮಗಳಿಂದ ಓದಿಸಿಕೊಂಡರು.

ಮಳೆಗಾಲದಲ್ಲಿ ಲೈಬ್ರರಿ ಪುಸ್ತಕ ಮನೆಯಲ್ಲಿಟ್ಟುಕೊಳ್ಳುವವರಿಗೆ ಒಂದು ಮಾತು, ಅದರಲ್ಲೂ ಸಕಲೇಶಪುರದಿಂದ ಬಂದಿರುವವರಿಗೆ. ರಾಶಿಯನ್ನು ಗೋಡೆಗೆ ತಾಗಿಸಿ ಇಡಬೇಡಿ, ಗೋಡೆಯ ತೇವ ರಟ್ಟಿಗೆ ಬರುತ್ತದೆ. ಬೂಷ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ, ಮೊದಲು ಗಾಳಿಗೆ ಒಣಗಿಸಿ ಆಮೇಲೆ ಒಣ ಬಟ್ಟೆಯಲ್ಲಿ ಮೆಲ್ಲಗೆ ತೆಗೆಯಿರಿ. ತರುವಾಗ ಕೊಡೆ ನಮಗೆ, ಪ್ಲಾಸ್ಟಿಕ್ ಚೀಲ ಪುಸ್ತಕಕ್ಕೆ.

ಆಮೇಲೆ ಸಭೆಯಲ್ಲಿ ಕೆಲವು ಪ್ರಶ್ನೆ ಬಂದವು, ಅವುಗಳನ್ನೂ ಬರೆಯುತ್ತೇನೆ.

ಓದಿ ಮುಗಿಸದೆ ವಾಪಸ್ ಕೊಟ್ಟರೆ ತಪ್ಪಲ್ಲವಾ ಅಂತ ಒಬ್ಬ ಹುಡುಗ ಕೇಳಿದ. ಖಂಡಿತ ತಪ್ಪಲ್ಲ. ಮುನ್ನೂರು ರೂಪಾಯಿ ಕೊಟ್ಟ ಪುಸ್ತಕ ಹಿಡಿಸದಿದ್ದರೆ ದುಡ್ಡು ದಂಡ ಆಗಬಾರದು ಅಂತ ಒತ್ತಾಯದಿಂದ ಓದುತ್ತೇವೆ, ಓದಿ ಓದಿನ ಮೇಲೇ ಬೇಜಾರು ಮಾಡಿಕೊಳ್ಳುತ್ತೇವೆ. ಲೈಬ್ರರಿ ಪುಸ್ತಕವನ್ನು ಇಪ್ಪತ್ತು ಪುಟಕ್ಕೇ ಬಿಡಬಹುದು. ಬಿಟ್ಟ ಪುಸ್ತಕ ಕಪಾಟಿಗೆ ವಾಪಸ್ ಹೋಗಿ ಇನ್ನೊಬ್ಬರಿಗೆ ಕಾಯುತ್ತದೆ. ವರ್ಷಕ್ಕೆ ಇಷ್ಟು ಪುಸ್ತಕ ಓದುತ್ತೇನೆ ಅಂತ ಪಣ ತೊಡುವುದೂ ನನಗೆ ಇಷ್ಟ ಇಲ್ಲ. ನಾನು ಒಂದು ಕವನದ ಪುಸ್ತಕವನ್ನು ಅವಧಿ ಮುಗಿದಾಗಲೆಲ್ಲ ಮತ್ತೆ ಠಸ್ಸೆ ಹಾಕಿಸಿಕೊಂಡು ಬಂದು, ಒಂದು ಇಡೀ ಮಳೆಗಾಲ ಇಟ್ಟುಕೊಂಡಿದ್ದೆ. ಲೆಕ್ಕದಲ್ಲಿ ಅದು ಒಂದೇ ಪುಸ್ತಕ.

ಫೋನಿನಲ್ಲೇ ಓದಬಹುದಲ್ಲ ಅಂತ ಇನ್ನೊಬ್ಬರು ಕೇಳಿದರು. ಓದಿ. ನಮ್ಮ ಗ್ರಂಥಾಲಯ ಇಲಾಖೆಯೇ 2020ರಲ್ಲಿ ಡಿಜಿಟಲ್ ಗ್ರಂಥಾಲಯ ಶುರು ಮಾಡಿದೆ, ಲಾಕ್‌ಡೌನ್ ಕಾಲದಲ್ಲಿ ಎಷ್ಟೋ ಜನಕ್ಕೆ ಅದರಿಂದ ಉಪಕಾರವಾಯಿತು. ಆದರೆ ಫೋನಿನೊಳಗಿನ ಪುಸ್ತಕ ಕಸ ಗುಡಿಸುವಾಗ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಭಾವನವರು ಕಾಫಿಗೆ ಕಾಯುತ್ತಾ ಅದರ ಪುಟ ತಿರುವುತ್ತಿರಲಿಲ್ಲ.

ಹಳ್ಳಿಯಿಂದ ಬಂದಿದ್ದ ಒಬ್ಬ ತಾಯಿ, ನಮ್ಮ ಮಕ್ಕಳಿಗೆ ಹಾಸನದವರೆಗೆ ಬರಲು ಆಗುವುದಿಲ್ಲ, ಏನು ಮಾಡಲಿ ಅಂದರು. ನಿಮ್ಮ ಗ್ರಾಮ ಪಂಚಾಯ್ತಿಯಲ್ಲಿ ವಿಚಾರಿಸಿ. ಹಿಂದೆ ಗ್ರಂಥಾಲಯ ಇಲಾಖೆಯ ಕೈಯಲ್ಲಿದ್ದ ಹಳ್ಳಿ ಲೈಬ್ರರಿಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅವುಗಳನ್ನು ಅರಿವು ಕೇಂದ್ರ ಅಂತ ಕರೆಯುತ್ತಾರೆ. 2020ರಲ್ಲಿ ‘ಓದುವ ಬೆಳಕು’ ಅಂತ ಕಾರ್ಯಕ್ರಮ ತಂದು 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಮಾಡಿದ್ದಾರೆ. ಮಗುವಿನ ಹೆಸರಲ್ಲೇ ಕಾರ್ಡು ಮಾಡಿಸಿ, ನಿಮ್ಮ ಹೆಸರಲ್ಲಿ ಬೇಡ. ತನ್ನ ಹೆಸರು ಬರೆದಿರುವ ಕಾರ್ಡು ಕೈಗೆ ಬಂದ ದಿನ ಮಕ್ಕಳ ಮುಖ ನೋಡಬೇಕು. ನಾನು ತುಂಬಾ ಸಲ ನೋಡಿದ್ದೇನೆ, ಇನ್ನೂ ಸಾಕು ಅನ್ನಿಸಿಲ್ಲ. ಪುಸ್ತಕ ಅವರೇ ಆರಿಸಲಿ, ಚಿತ್ರ ಜಾಸ್ತಿ ಇರುವುದನ್ನೇ ತರಲಿ, ಇದು ನಿನ್ನ ಕ್ಲಾಸಿಗೆ ಬೇಕಾದ್ದಲ್ಲ ಅನ್ನಬೇಡಿ.

ಕೊನೆಗೆ ಒಬ್ಬರು ಕಾರ್ಡು ಮಾಡಿಸಲು ಏನೇನು ಬೇಕು ಅಂತ ಕೇಳಿದರು. ಒಂದು ಅರ್ಜಿ, ಫೋಟೊ, ವಿಳಾಸಕ್ಕೆ ಆಧಾರ್ ಥರದ ಒಂದು ಪುರಾವೆ, ಸಣ್ಣದೊಂದು ಡಿಪಾಸಿಟ್. ಸದಸ್ಯತ್ವ ಬಿಟ್ಟಾಗ ಡಿಪಾಸಿಟ್ ವಾಪಸ್ ಬರುತ್ತದೆ. ನಾಳೆಯೇ ಹೋಗುತ್ತೇನೆ ಅಂದರು. ನಾಳೆ ಬೇಡ, ಸೋಮವಾರ ರಜೆ. ಮಂಗಳವಾರ ಹೋಗಿ, ಅದು ತಿಂಗಳ ಎರಡನೇ ಮಂಗಳವಾರ ಆದರೆ ಬುಧವಾರ ಹೋಗಿ, ಹೋಗುವಾಗ ಒಂದು ಗಟ್ಟಿ ಚೀಲ ಇಟ್ಟುಕೊಂಡಿರಿ.